ಹಲ್ಲಿನ ತಂತಿಯೂ ದವಡೆಯ ಕೀಲೂ



ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯು ಶಾಲೆಯ ವೃತ್ತಾಂತವನ್ನೂ ಪರೀಕ್ಷೆಗಳ ಫಲವನ್ನೂ ಕುರಿತು ಬರೆಯುವುದು ವಾಡಿಕೆಯಾಗಿದೆ. ಈ ಸಾರಿ ನಾವು ದವಡೆಯ ಕೀಲಿನ ವಿಷಯವಾಗಿ ಬರೆಯುವುದನ್ನು ಕಂಡು ಕೆಲವರಿಗೆ ಆಶ್ಚರ್ಯವಾದೀತು. ಆದರೆ ಇದಕ್ಕೆ ತಕ್ಕ ಕಾರಣವುಂಟು. ಹಳೇ ವಿದ್ಯಾರ್ಥಿನಿಯರ ಕೂಟಕ್ಕೆ ಬರುವವರಲ್ಲಿ ಮೂವತ್ತು ನಲವತ್ತು ವಯಸ್ಸಿನ ಸ್ತ್ರೀಯರು ಹಲ್ಲಿಗೆ ತಂತಿ ಹಾಕಿಸಿಕೊಂಡಿರುವುದು ಈಗ ಅಪರೂಪವಲ್ಲ. ಚಿಕ್ಕಂದಿನಲ್ಲಿ ಮನೆಯ ಅನುಕೂಲ ಸಾಲದೆ ನಿಂತುಹೋದ ಕಾರ್ಯವನ್ನು ಇವರು ತಾವು ದುಡಿದ ಹಣದಿಂದ ಈಗ ಮಾಡಿಸಿಕೊಳ್ಳುತ್ತಿದ್ದಾರೆ. ಇದನ್ನು ಬರಿಯ ಅಲಂಕಾರವೆಂದು ಹಳಿಯುವುದು ನ್ಯಾಯವಲ್ಲ. ಒತ್ತೊತ್ತಾಗಿ ಬೆಳೆದ ಹಲ್ಲುಗಳನ್ನು ಶುಚಿಮಾಡುವುದು ಕಷ್ಟ. ಸರಿಯಾಗಿ ಕೂಡದ ಹಲ್ಲುಗಳಿಂದ ಅಗಿಯುವುದೂ ಕಷ್ಟ.

ಕೆಲವು ವರ್ಷಗಳ ಹಿಂದಿನ ಒಂದು ಕೂಟದಲ್ಲಿ ನಮ್ಮ ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಒಬ್ಬ ಹಳೇ ವಿದ್ಯಾರ್ಥಿನಿಯು ಅನ್ನವನ್ನು ಸಾರಿನಲ್ಲಿ ನೆನೆಸಿ, ಬೆರಳಿನ ತುದಿಯಿಂದ ಸ್ವಲ್ಪ ಸ್ವಲ್ಪವಾಗಿ ಬಾಯಿಗಿಡುತ್ತಿದ್ದಳು. ವಿಚಾರಿಸಲಾಗಿ, ತಂತಿ ಹಾಕಿಸಿ ಎಂಟು ತಿಂಗಳಾಯಿತೆಂದೂ, ಎರಡು ತಿಂಗಳಿಂದ ಕಿವಿಯ ಮುಂದೆ ನೋವಿದ್ದು ಬಾಯಿ ಪೂರ್ಣ ತೆರೆಯಲಾಗುತ್ತಿಲ್ಲವೆಂದೂ ಹೇಳಿದಳು. ವೈದ್ಯರಿಗೆ ತಿಳಿಸಿದೆಯೋ ಎಂದು ಕೇಳಿದೆವು. ಆಕೆ ನಕ್ಕು, "ಇಲ್ಲ ಟೀಚರ್, ಇನ್ನೊಂದು ವರ್ಷ ತಾನೇ, ಹಲ್ಲು ಕಚ್ಚಿಕೊಂಡು ಸಹಿಸುತ್ತೇನೆ" ಎಂದಳು. ಮುಂದೆ ಮಾತಿನಲ್ಲಿ ತಿಳಿದುಬಂದದ್ದೇನೆಂದರೆ, ತಂತಿಯೇ ಕೀಲನ್ನು ಕೆಡಿಸಿತೆಂದು ಅವಳ ಬಂಧುಗಳೊಬ್ಬರು ಹೆದರಿಸಿದ್ದರು. ತಂತಿಯ ಕೆಲಸ ಮುಗಿದರೆ ದವಡೆಯ ನೋವೆಲ್ಲಾ ತಾನಾಗಿ ಹೋಗುವುದೆಂದು ಮತ್ತೊಬ್ಬರು ಧೈರ್ಯ ಹೇಳಿದ್ದರು. ಈ ಎರಡು ಮಾತುಗಳ ನಡುವೆ ಅವಳು ಸುಮ್ಮನೆ ನೋವು ತಿನ್ನುತ್ತಿದ್ದಳು. ಆ ಎರಡೂ ಮಾತುಗಳು ತಪ್ಪೆಂಬುದನ್ನೂ, ಸುಮ್ಮನಿರುವುದು ಅವೆರಡಕ್ಕಿಂತ ದೊಡ್ಡ ತಪ್ಪೆಂಬುದನ್ನೂ ತಿಳಿಸುವುದಕ್ಕಾಗಿ ಈ ಲೇಖನವನ್ನು ಬರೆದಿದ್ದೇವೆ.

ಮೊದಲು ಕೀಲಿನ ರಚನೆಯನ್ನು ನೋಡೋಣ. ತರಗತಿಯಲ್ಲಿ ಮಾಡುತ್ತಿದ್ದ ಹಾಗೆ ಎರಡು ಕೈಗಳ ತೋರುಬೆರಳುಗಳನ್ನು ಎರಡು ಕಿವಿಗಳ ಮುಂದೆ ಇಟ್ಟುಕೊಂಡು, ಬಾಯನ್ನು ಮೆಲ್ಲಗೆ ತೆರೆದು ಮುಚ್ಚಿರಿ. ಬೆರಳಿನ ಅಡಿಯಲ್ಲಿ ಗುಂಡಾದ ಒಂದು ವಸ್ತು ಮುಂದಕ್ಕೆ ಜಾರಿ ಹಿಂದಕ್ಕೆ ಬರುವುದು ತಿಳಿಯುವುದು. ಅದೇ ಕೆಳದವಡೆಯ ತುದಿ. ತಲೆಬುರುಡೆಯ ಎಲುಬಿನಲ್ಲಿ ಇದಕ್ಕಾಗಿ ಒಂದು ಹಳ್ಳವಿದೆ. ಈ ಹಳ್ಳಕ್ಕೂ ದವಡೆಯ ತುದಿಗೂ ನಡುವೆ ನಾರಿನಂಥ ಗಟ್ಟಿ ಪದಾರ್ಥದಿಂದಾದ ಒಂದು ತೆಳ್ಳನೆಯ ಬಿಲ್ಲೆಯು ಮೆತ್ತೆಯಂತೆ ಕೂತಿದೆ. ಬಾಗಿಲಿನ ಕೀಲು ತಿರುಗುವುದು ಮಾತ್ರ. ದವಡೆಯ ಕೀಲಾದರೋ ಮೊದಲು ತಿರುಗಿ, ಆಮೇಲೆ ಮುಂದಕ್ಕೆ ಜಾರುವುದು. ಎಡದ ಕೀಲೂ ಬಲದ ಕೀಲೂ ಒಂದೇ ಎಲುಬಿಗೆ ಸೇರಿರುವುದರಿಂದ ಒಂದು ಅಲುಗಿದರೆ ಇನ್ನೊಂದು ಅಲುಗಲೇಬೇಕು. ಇವುಗಳನ್ನು ನಡೆಸುವ ಸ್ನಾಯುಗಳು ಕೆನ್ನೆಯಲ್ಲಿಯೂ ಕಣತಲೆಯಲ್ಲಿಯೂ ದವಡೆಯ ಒಳಬದಿಯಲ್ಲಿಯೂ ಇರುವುವು. ಆದುದರಿಂದಲೇ ದವಡೆಯ ತೊಂದರೆಯು ಅನೇಕ ವೇಳೆ ತಲೆನೋವಿನಂತೆ, ಕಿವಿನೋವಿನಂತೆ ಅಥವಾ ಕತ್ತುನೋವಿನಂತೆ ತೋರಿ ಜನರನ್ನು ದಾರಿತಪ್ಪಿಸುವುದು.

ಈ ತೊಂದರೆಗಳು ಒಂದೇ ಬಗೆಯವಲ್ಲ. ಹೆಚ್ಚಾಗಿ ಕಾಣುವುದು ಸ್ನಾಯುಗಳ ನೋವು. ಎರಡನೆಯದು, ನಡುವಣ ಬಿಲ್ಲೆಯು ತನ್ನ ಸ್ಥಳದಿಂದ ಮುಂದಕ್ಕೆ ಸರಿಯುವುದು. ಬಾಯಿ ತೆರೆಯುವಾಗ ಅದು ಸ್ವಸ್ಥಾನಕ್ಕೆ ಹಾರಿದರೆ "ಟಕ್" ಎಂಬ ಶಬ್ದವಾಗುವುದು. ಹಾರದೆ ಅಡ್ಡ ನಿಂತರೆ ಬಾಯಿ ಅರ್ಧದಲ್ಲಿಯೇ ತಡೆಯುವುದು. ಮೂರನೆಯದು, ಕೀಲಿನ ಎಲುಬೇ ಸವೆಯುವುದು ಅಥವಾ ಸಂಧಿವಾತದಿಂದ ಉರಿಗೊಳ್ಳುವುದು. ನೋವಿಲ್ಲದ ಬರಿಯ ಶಬ್ದವು ಆರೋಗ್ಯವಂತರಲ್ಲಿಯೂ ಬಹು ಸಾಮಾನ್ಯ. ಅದಕ್ಕೆ ಚಿಕಿತ್ಸೆ ಬೇಡ. ನೋವಾಗಲಿ, ಬಾಯಿ ತೆರೆಯಲು ತಡೆಯಾಗಲಿ ಸೇರಿದಾಗಲೇ ಅದು ರೋಗವೆನಿಸುವುದು. ಈ ವಿಂಗಡಣೆಯನ್ನು ಎಲ್ಲಾ ದೇಶಗಳ ವೈದ್ಯರೂ ಒಂದೇ ಕ್ರಮದಲ್ಲಿ ಮಾಡುವಂತೆ 2014ರಲ್ಲಿ ಲಕ್ಷಣಗಳ ಒಂದು ಪಟ್ಟಿಯು ಪ್ರಕಟವಾಯಿತು.

ತಂತಿಗೂ ಈ ರೋಗಕ್ಕೂ ಸಂಬಂಧವುಂಟೆಂಬ ನಂಬಿಕೆ ಎಲ್ಲಿಂದ ಬಂತು? 1934ರಲ್ಲಿ ಅಮೇರಿಕದ ಸೇಂಟ್ ಲೂಯಿ ನಗರದ ಕಿವಿ ಮೂಗು ಗಂಟಲಿನ ವೈದ್ಯರಾದ ಜೇಮ್ಸ್ ಕಾಸ್ಟೆನ್ ಎಂಬವರು ಕಿವಿನೋವು, ತಲೆಸುತ್ತು ಮೊದಲಾದುವುಗಳಿಂದ ಪೀಡಿತರಾದ ಕೆಲವರನ್ನು ಪರೀಕ್ಷಿಸಿ, ಹಿಂದಿನ ಹಲ್ಲುಗಳು ಹೋದುದರಿಂದ ದವಡೆಯು ಅತಿಯಾಗಿ ಮುಚ್ಚಿಕೊಂಡು ಕೀಲನ್ನು ಒತ್ತುವುದೇ ಕಾರಣವೆಂದು ಬರೆದರು. ಅವರು ಹೇಳಿದ ಒತ್ತಡದ ವಿವರಣೆಯು ಮುಂದಿನ ಶರೀರರಚನಾ ಶೋಧನೆಯಲ್ಲಿ ನಿಲ್ಲಲಿಲ್ಲ. ಆದರೂ ಹಲ್ಲುಗಳ ಕೂಡಿಕೆಯೇ ಎಲ್ಲಾ ಕೀಲುನೋವಿನ ಮೂಲವೆಂಬ ಅಭಿಪ್ರಾಯವು ದಂತವೈದ್ಯರಲ್ಲಿ ಬೇರೂರಿತು. ಕೂಡಿಕೆಯೇ ಮೂಲವಾದರೆ, ಕೂಡಿಕೆಯನ್ನು ಬದಲಿಸುವ ತಂತಿಯು ರೋಗವನ್ನು ತರಲೂಬೇಕು, ಕಳೆಯಲೂಬೇಕು ಎಂದು ಜನರು ತರ್ಕಿಸಿದರು. 1987ರಲ್ಲಿ ಮಿಷಿಗನ್ ಸಂಸ್ಥಾನದ ಒಂದು ನ್ಯಾಯಾಲಯದಲ್ಲಿ, ಹಲ್ಲು ಸರಿಪಡಿಸಿದ್ದರಿಂದ ತನ್ನ ದವಡೆಯ ಕೀಲು ಕೆಟ್ಟಿತೆಂದು ದೂರಿದ ಒಬ್ಬ ತರುಣಿಗೆ 8,50,000 ಡಾಲರುಗಳನ್ನು ಕೊಡಬೇಕೆಂದು ಪಂಚಾಯತರು ತೀರ್ಮಾನಿಸಿದರು. ಅಮೇರಿಕದ ಆ ವೃತ್ತಿಯವರೆಲ್ಲಾ ತಲ್ಲಣಿಸಿದರು. ಆದರೆ ಈ ತಲ್ಲಣದಿಂದ ಒಂದು ಒಳ್ಳೆಯ ಫಲವೂ ಉಂಟಾಯಿತು. ಊಹೆಯನ್ನು ಬಿಟ್ಟು ಎಣಿಸಿ ನೋಡುವ ಕೆಲಸವು ಹುರುಪಿನಿಂದ ನಡೆಯಿತು.

ಹೀಗೆ ಎಣಿಸಿ ನೋಡಿದುವುಗಳಲ್ಲಿ ದೀರ್ಘಕಾಲ ನಡೆದುದು ಬ್ರಿಟನ್ನಿನ ವೇಲ್ಸ್ ಸೀಮೆಯ ಕಾರ್ಡಿಫ್ ನಗರದ ಶೋಧನೆ. 1981ರಲ್ಲಿ 11–12 ವಯಸ್ಸಿನ 1018 ಮಕ್ಕಳನ್ನು ಪರೀಕ್ಷಿಸಿ, ಅವರು ಬೆಳೆದ ಹಾಗೆ ಮತ್ತೆ ಮತ್ತೆ ನೋಡಲಾಯಿತು. 30–31 ವಯಸ್ಸಿನಲ್ಲಿ ಅವರ ಪೈಕಿ 337 ಮಂದಿ ಪುನಃ ದೊರೆತರು. ದವಡೆಯ ಕೀಲಿನ ತೊಂದರೆಯು ಮೊದಲಿನ ಪರೀಕ್ಷೆಯಲ್ಲಿ ನೂರಕ್ಕೆ 3.2, 19–20ರ ವಯಸ್ಸಿನಲ್ಲಿ 17.6, ಮೂವತ್ತರ ಹೊತ್ತಿಗೆ 9.9 ಮಂದಿಯಲ್ಲಿ ಇತ್ತು. ಹಲ್ಲು ಸರಿಪಡಿಸಿಕೊಂಡವರಲ್ಲಿಯೂ ಮಾಡಿಸಿಕೊಳ್ಳದವರಲ್ಲಿಯೂ ಈ ವಿಷಯದಲ್ಲಿ ಭೇದ ಕಾಣಲಿಲ್ಲ. ತಂತಿಯು ಈ ರೋಗವನ್ನು ತರುವುದೂ ಇಲ್ಲ, ಬಾರದಂತೆ ತಡೆಯುವುದೂ ಇಲ್ಲ ಎಂಬುದೇ 2009ರಲ್ಲಿ ಪ್ರಕಟವಾದ ಅದರ ತೀರ್ಮಾನ. ಯಾರಿಗೆ ಬಂದೀತೆಂಬುದಕ್ಕೆ ಸೂಚನೆ ಕೊಟ್ಟವುಗಳು ಎರಡೇ: ಸ್ತ್ರೀಯಾಗಿರುವುದು, ಮತ್ತು ಹದಿಹರೆಯದಲ್ಲಿಯೇ ಈ ತೊಂದರೆ ಇದ್ದುದು. 2006ರಲ್ಲಿ ಅಮೇರಿಕದಲ್ಲಿ ಪ್ರಾರಂಭವಾದ ಇನ್ನೊಂದು ದೊಡ್ಡ ಶೋಧನೆಯಿಂದ, ಶರೀರದಲ್ಲಿ ಬೇರೆ ನೋವುಗಳಿರುವುದು, ನಿದ್ರೆ ಕೆಡುವುದು, ಮನಸ್ಸಿನ ಭಾರ ಇವೇ ಮೊದಲಾದುವು ಈ ರೋಗಕ್ಕೆ ಮುನ್ಸೂಚನೆಗಳೆಂದು ತಿಳಿದುಬಂತು.

ಹಾಗಾದರೆ ತಂತಿ ಹಾಕಿಸಿದ ಮೇಲೆಯೇ ನೋವು ಬಂದವರು ಇಷ್ಟು ಮಂದಿ ಏಕೆ ಎಂದು ಕೇಳಬಹುದು. ಈ ರೋಗವು ಹೆಚ್ಚಾಗಿ ತೋರುವುದು ಇಪ್ಪತ್ತರಿಂದ ನಲವತ್ತರ ವಯಸ್ಸಿನ ಸ್ತ್ರೀಯರಲ್ಲಿ. ಪ್ರಾಯದವರಲ್ಲಿ ಹಲ್ಲು ಸರಿಪಡಿಸಿಕೊಳ್ಳಲು ಬರುವವರೂ ಹೆಚ್ಚಾಗಿ ಅದೇ ವಯಸ್ಸಿನ ಸ್ತ್ರೀಯರೇ. ಚಿಕಿತ್ಸೆಯೋ ಒಂದೂವರೆ ಎರಡು ವರ್ಷಗಳ ಕಾಲ ನಡೆಯುವಂಥದು. ಇಷ್ಟು ದೀರ್ಘಕಾಲದಲ್ಲಿ ಕೆಲವರಿಗೆ ಕೀಲುನೋವು ಬಂದೇ ಬರುವುದು. ತಂತಿ ಇಲ್ಲದಿದ್ದರೂ ಬರುತ್ತಿತ್ತು. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತೆಂದು ನಮ್ಮ ಹಿರಿಯರು ಹೇಳುವುದು ಇಂಥ ಸಂದರ್ಭಕ್ಕೇ.

ಆದರೆ ಇಷ್ಟು ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. ತಂತಿಯು ರೋಗದ ಮೂಲವಲ್ಲದಿದ್ದರೂ, ಮೊದಲೇ ನೊಂದ ಕೀಲಿಗೆ ಅದು ಸ್ವಲ್ಪ ಕಾಲ ತೊಂದರೆ ಕೊಡಬಲ್ಲದು. ಹಲ್ಲಿನ ಬೇರಿನ ಸುತ್ತಲಿರುವ ಎಲುಬು ಒಂದು ಬದಿಯಲ್ಲಿ ಕರಗಿ ಇನ್ನೊಂದು ಬದಿಯಲ್ಲಿ ಹೊಸದಾಗಿ ಬೆಳೆಯುವುದರಿಂದಲೇ ಹಲ್ಲು ಚಲಿಸುವುದು. ಸಾಧಾರಣವಾಗಿ ತಿಂಗಳಿಗೆ ಒಂದು ಮಿಲಿಮೀಟರಿನಷ್ಟು. ತಂತಿಯನ್ನು ಬಿಗಿಮಾಡಿದ ಕೆಲವು ದಿವಸ ಹಲ್ಲುಗಳು ನೋಯುವುವು. ನೋಯುವ ಹಲ್ಲನ್ನು ತಪ್ಪಿಸಲು ನಾವು ಅರಿವಿಲ್ಲದೆ ದವಡೆಯನ್ನು ವಕ್ರವಾಗಿ ಹಿಡಿಯುತ್ತೇವೆ. ಹಲ್ಲುಗಳು ಸ್ಥಳ ಬದಲಾಯಿಸುವ ನಡುಗಾಲದಲ್ಲಿ ಅವುಗಳ ಕೂಡಿಕೆಯೂ ಹೊಸದು. ಕೆಲವರು ಅದನ್ನು ಪರೀಕ್ಷಿಸುವ ಹಾಗೆ ದಿನವೆಲ್ಲಾ ಹಲ್ಲು ಕಚ್ಚುತ್ತಿರುತ್ತಾರೆ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸಿಕ್ಕಿಸುವ ರಬ್ಬರು ಬಳೆಗಳು ದವಡೆಯನ್ನು ಎಳೆಯುವುವು. ತಂತಿಯ ಬದಲಾಗಿ ದಿನಕ್ಕೆ 20–22 ತಾಸು ಧರಿಸುವ ಪಾರದರ್ಶಕ ಅಲೈನರುಗಳಿದ್ದರೂ, ಮೊದಲ ವಾರಗಳಲ್ಲಿ ಸ್ನಾಯುಗಳು ದಣಿಯಬಹುದು. ಆರೋಗ್ಯವಾದ ಕೀಲಿಗೆ ಇದೆಲ್ಲಾ ಕೆಲವು ದಿನಗಳ ಮಾತು. ಬೆಳೆಯುವ ಮಕ್ಕಳ ಕೀಲು ಬದಲಾವಣೆಗೆ ಬೇಗನೆ ಹೊಂದಿಕೊಳ್ಳುವುದು. ಪ್ರಾಯದವರ ಕೀಲಿಗೆ ಆ ಸೌಕರ್ಯ ಕಡಿಮೆ. ಆದುದರಿಂದ ಎಚ್ಚರಿಕೆ ಹೆಚ್ಚಾಗಿ ಬೇಕು.

ಎಚ್ಚರಿಕೆಯು ತಂತಿ ಹಾಕುವುದಕ್ಕೆ ಮುಂಚೆಯೇ ಪ್ರಾರಂಭವಾಗತಕ್ಕದ್ದು. ಒಳ್ಳೆಯ ವೈದ್ಯರು ಹಲ್ಲುಗಳನ್ನು ನೋಡುವ ಮೊದಲು ಕೀಲನ್ನು ವಿಚಾರಿಸುವರು: ಶಬ್ದವುಂಟೋ, ಬೆಳಿಗ್ಗೆ ಏಳುವಾಗ ದವಡೆ ಬಿಗಿದಿರುವುದೋ, ರಾತ್ರಿ ಹಲ್ಲು ಕಡಿಯುವಿರೋ, ಎಂದಾದರೂ ಬಾಯಿ ಸಿಕ್ಕಿಕೊಂಡಿತ್ತೋ ಎಂದು. ಕೆನ್ನೆ ಮತ್ತು ಕಣತಲೆಯ ಸ್ನಾಯುಗಳನ್ನು ಒತ್ತಿ ನೋಡುವರು. ಬಾಯಿ ಎಷ್ಟು ತೆರೆಯುವುದೆಂದು ಅಳೆದು ಬರೆದಿಡುವರು. ಪ್ರಾಯದವರಲ್ಲಿ ಇದು ಸಾಧಾರಣವಾಗಿ 40ರಿಂದ 50 ಮಿಲಿಮೀಟರು. ಮನೆಯಲ್ಲಿಯಾದರೆ ತಮ್ಮ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಮುಂಬಲ್ಲುಗಳ ನಡುವೆ ಇಟ್ಟು ನೋಡಬಹುದು. ಮುಂದೆ ಏನಾದರೂ ಬದಲಾದರೆ ಈ ಬರಹವೇ ಸಾಕ್ಷಿ. ವೈದ್ಯರು ಕೇಳದಿದ್ದರೆ ನೀವೇ ಹೇಳಿರಿ. ನಮ್ಮ ಆ ವಿದ್ಯಾರ್ಥಿನಿಗೆ ಕಾಲೇಜಿನ ದಿನಗಳಿಂದಲೇ ಕೀಲು ಶಬ್ದಮಾಡುತ್ತಿತ್ತು. ತಂತಿ ಹಾಕಿದವರು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆಗಲೇ ನೋವಿರುವವರಿಗೆ ಮೊದಲು ಅದನ್ನು ಶಮನಮಾಡಿ, ಕೆಲವು ತಿಂಗಳು ನೆಮ್ಮದಿಯಾಗಿದ್ದುದನ್ನು ಕಂಡು, ಅನಂತರವೇ ತಂತಿಯನ್ನು ಪ್ರಾರಂಭಿಸುವುದು ಯುಕ್ತ. ನೋವು ಕಳೆಯಲೆಂದೇ ತಂತಿ ಹಾಕಿಸುವುದು ಯುಕ್ತವಲ್ಲ.

ಚಿಕಿತ್ಸೆಯ ನಡುವೆ ನೋವು ಬಂದರೆ ಮುಂದಿನ ತಾರೀಖಿನ ತನಕ ಕಾಯದೆ ವೈದ್ಯರಿಗೆ ತಿಳಿಸಬೇಕು. ಅವರು ರಬ್ಬರು ಬಳೆಗಳನ್ನು ನಿಲ್ಲಿಸಿ, ತಂತಿಯ ಬಲವನ್ನು ಕಡಿಮೆಮಾಡಿ, ಬೇಕಾದರೆ ಕೆಲವು ವಾರ ಹಲ್ಲು ಚಲಿಸದಂತೆ ತಡೆದಿಡುವರು. ಹೀಗೆ ನಿಲ್ಲಿಸುವುದರಿಂದ ಮಾಡಿದ ಕೆಲಸ ಹಾಳಾಗುವುದಿಲ್ಲ. ಮನೆಯಲ್ಲಿ ಮಾಡತಕ್ಕದ್ದು ಬಹು ಸರಳವಾದದ್ದು. ಗಂಜಿ, ಮೆತ್ತನೆಯ ಇಡ್ಲಿ, ಚೆನ್ನಾಗಿ ಬೆಂದ ತರಕಾರಿ ಇವುಗಳನ್ನು ಸಣ್ಣ ತುತ್ತುಗಳಾಗಿ ತಿನ್ನುವುದು. ಚಕ್ಕುಲಿ, ಕಬ್ಬು, ಅಡಿಕೆಗಳನ್ನು ದೂರವಿಡುವುದು. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಕೆನ್ನೆಗೆ ಹತ್ತು ಹದಿನೈದು ನಿಮಿಷ ಶಾಖ ಕೊಡುವುದು. ಆಕಳಿಸುವಾಗ ಗಲ್ಲದ ಕೆಳಗೆ ಮುಷ್ಟಿಯನ್ನು ಆನಿಸುವುದು. ದೇವಾಲಯದ ಗಾಯನ ಮಂಡಲಿಯಲ್ಲಿ ಹಾಡುವವರೂ, ದಿನವೆಲ್ಲಾ ಗಟ್ಟಿಯಾಗಿ ಪಾಠ ಹೇಳುವ ನಮ್ಮಂಥ ಉಪಾಧ್ಯಾಯಿನಿಯರೂ ಕೆಲವು ವಾರ ದವಡೆಗೆ ವಿಶ್ರಾಂತಿ ಕೊಡುವುದು. ನೋವಿನ ಮಾತ್ರೆಗಳಲ್ಲಿ ಕೆಲವು ಹಲ್ಲಿನ ಚಲನೆಯನ್ನು ನಿಧಾನಪಡಿಸಬಹುದಾದ್ದರಿಂದ ವೈದ್ಯರನ್ನು ಕೇಳಿ ತೆಗೆದುಕೊಳ್ಳುವುದು. ಅವರು ವ್ಯಾಯಾಮ ಹೇಳಿಕೊಟ್ಟರೆ ಬಿಡದೆ ಮಾಡುವುದು. ಹೆಚ್ಚಿನವರ ನೋವು ಇಷ್ಟರಿಂದಲೇ ತಗ್ಗುವುದು.

ಎಲ್ಲಕ್ಕಿಂತ ಮುಖ್ಯವಾದ ಅಭ್ಯಾಸವೊಂದುಂಟು. ತುಟಿಗಳು ಮುಚ್ಚಿರುವಾಗಲೂ ಹಲ್ಲುಗಳು ಒಂದಕ್ಕೊಂದು ತಾಗಿರಬಾರದು. ಹಲ್ಲುಗಳು ಕೂಡಬೇಕಾದದ್ದು ಅಗಿಯುವಾಗಲೂ ನುಂಗುವಾಗಲೂ ಮಾತ್ರ. ಮಿಕ್ಕ ಹೊತ್ತಿನಲ್ಲಿ ಅವುಗಳ ನಡುವೆ ಸ್ವಲ್ಪ ಸಂದು ಇರುವುದೇ ಸ್ವಭಾವ. ಅಡಿಗೆಮನೆಯಲ್ಲಿಯೋ ಕಛೇರಿಯಲ್ಲಿಯೋ ಕೆಲಸ ಮಾಡುವಾಗ ಗಂಟೆಗೊಮ್ಮೆ ತಮ್ಮನ್ನು ತಾವೇ ಕೇಳಿಕೊಳ್ಳಿರಿ: ನಮ್ಮ ಹಲ್ಲುಗಳು ಕಚ್ಚಿಕೊಂಡಿವೆಯೋ? ಕಚ್ಚಿಕೊಂಡಿದ್ದರೆ ದವಡೆಯನ್ನು ಸಡಿಲಬಿಟ್ಟು ಒಂದು ದೀರ್ಘ ಶ್ವಾಸ ತೆಗೆಯಿರಿ. ಬೆಲೆಯಿಲ್ಲದ ಔಷಧವಿದು.

ಮಾಡಿಸಿಕೊಳ್ಳಬಾರದವುಗಳನ್ನೂ ಹೇಳುವುದು ನಮ್ಮ ಕರ್ತವ್ಯ. ಕೀಲುನೋವಿಗಾಗಿ ಹಲ್ಲುಗಳನ್ನು ಅರೆಯಿಸುವುದು, ಒಳ್ಳೆಯ ಹಲ್ಲುಗಳಿಗೆಲ್ಲಾ ಟೋಪಿ ಹಾಕಿಸುವುದು, ಅವಸರದಿಂದ ಶಸ್ತ್ರಚಿಕಿತ್ಸೆಗೆ ಒಪ್ಪುವುದು ಇವೆಲ್ಲವೂ ಹಿಂದಕ್ಕೆ ತರಲಾಗದ ಕಾರ್ಯಗಳು. 1980ರ ದಶಕದಲ್ಲಿ ಅಮೇರಿಕದಲ್ಲಿ ಬಹು ಮಂದಿಯ ಕೀಲಿನ ಬಿಲ್ಲೆಯನ್ನು ತೆಗೆದು ಅದರ ಸ್ಥಳದಲ್ಲಿ ಟೆಫ್ಲಾನ್ ಸೇರಿದ ಕೃತಕ ಬಿಲ್ಲೆಯನ್ನು ಇಟ್ಟರು. ಅದು ಒಳಗೆ ಚೂರುಚೂರಾಗಿ ಸುತ್ತಲಿನ ಎಲುಬನ್ನೇ ತಿನ್ನತೊಡಗಿತು. 1990ರ ಸುಮಾರಿಗೆ ಅಲ್ಲಿಯ ಸರಕಾರದ ಔಷಧ ಇಲಾಖೆಯು ಎಚ್ಚರಿಕೆಯನ್ನು ಹೊರಡಿಸಬೇಕಾಯಿತು. ಆ ರೋಗಿಗಳಲ್ಲಿ ಅನೇಕರು ಮೊದಲಿನ ನೋವಿಗಿಂತ ಘೋರವಾದ ನೋವನ್ನು ಅನುಭವಿಸಿದರು. ಹಿಂತಿರುಗಬಹುದಾದ ದಾರಿಗಳನ್ನೆಲ್ಲಾ ಮೊದಲು ನಡೆದು ನೋಡಬೇಕೆಂಬ ಪಾಠವನ್ನು ವೈದ್ಯಲೋಕವು ಇದರಿಂದ ಕಲಿತುಕೊಂಡಿತು.

ಕೆಲವು ಗುರುತುಗಳು ಕಂಡರೆ ಮಾತ್ರ ತಡಮಾಡಕೂಡದು. ಬಾಯಿ ತೆರೆದು ಮುಚ್ಚಲಾರದೆ ನಿಂತರೆ ಅಥವಾ ಮುಚ್ಚಿ ತೆರೆಯಲಾಗದಿದ್ದರೆ. ಕೀಲಿನ ಬಳಿ ಬಾವು, ಜ್ವರಗಳಿದ್ದರೆ. ಐವತ್ತು ದಾಟಿದವರಿಗೆ ಅಗಿಯುವಾಗ ದವಡೆನೋವಿನೊಡನೆ ಹೊಸದಾಗಿ ಕಣತಲೆಯ ನೋವೋ ದೃಷ್ಟಿಯ ಮಸುಕೋ ಬಂದರೆ. ನಡೆಯುವಾಗ, ಮೆಟ್ಟಲೇರುವಾಗ ದವಡೆ ನೊಂದು ನಿಂತಾಗ ಇಳಿದರೆ, ಅದು ಹೃದಯದ ಸೂಚನೆಯಾಗಿರಬಹುದಾದ್ದರಿಂದ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ಗುರುತು ತರುಣಿಯರಿಗೆ ಸಂಬಂಧಪಟ್ಟದ್ದು. ಕಾರಣವಿಲ್ಲದೆ ಮುಂಬಲ್ಲುಗಳು ಕೂಡದೆ ಸಂದು ಬಿಡುತ್ತಾ, ಗಲ್ಲವು ಹಿಂದಕ್ಕೆ ಸರಿಯುವಂತೆ ತೋರಿದರೆ ಕೀಲಿನ ಎಲುಬು ಕರಗುತ್ತಿರಬಹುದು. ಇದು ವಿರಳವಾದರೂ ಹೆಚ್ಚಾಗಿ ತರುಣಿಯರಿಗೇ ಬರುವಂಥದು. ಆಗ ಕೀಲಿನ ಚಿತ್ರ ತೆಗೆಸಿ ನೋಡುವ ತನಕ ತಂತಿಯನ್ನು ಬಿಗಿಸಬಾರದು.

ಯಾರ ಬಳಿಗೆ ಹೋಗಬೇಕೆಂದು ಕೇಳುವವರಿಗೆ ಒಂದು ಮಾತು. ಹಲ್ಲು ಸರಿಪಡಿಸುವುದು ದಂತವೈದ್ಯದಲ್ಲಿ ಒಂದು ವಿಶೇಷ ವಿದ್ಯೆ. ದಂತವೈದ್ಯ ಪದವಿಯ ಮೇಲೆ ಮೂರು ವರ್ಷ ಅದನ್ನೇ ಅಭ್ಯಾಸಮಾಡಿದವರನ್ನು ಆರ್ಥೊಡಾಂಟಿಸ್ಟರೆಂದು ಕರೆಯುವರು. ಆ ಪದವಿಯುಂಟೋ ಎಂದು ವಿಚಾರಿಸುವುದು ಅವಮರ್ಯಾದೆಯಲ್ಲ. ನಮ್ಮ ಸೀಮೆಯಲ್ಲಿ 1953ರಲ್ಲಿ ಮಣಿಪಾಲದಲ್ಲಿಯೂ 1958ರಲ್ಲಿ ಬೆಂಗಳೂರಿನಲ್ಲಿ ಸರಕಾರದ ವತಿಯಿಂದಲೂ ದಂತವೈದ್ಯ ಕಾಲೇಜುಗಳು ಸ್ಥಾಪಿತವಾದುವು. ಅನಂತರ ಇನ್ನೂ ಅನೇಕವಾದುವು. ಇಂಥ ಕಾಲೇಜಿನ ಆಸ್ಪತ್ರೆಗಳಲ್ಲಿ ಹಲ್ಲು ಸರಿಪಡಿಸುವವರೂ, ಬಾಯಿಯ ರೋಗಗಳನ್ನು ಪರೀಕ್ಷಿಸುವವರೂ, ಶಸ್ತ್ರವೈದ್ಯರೂ ಒಂದೇ ಕಡೆಯಲ್ಲಿ ಸಿಕ್ಕುವುದರಿಂದ, ತಂತಿಯ ಜೊತೆಗೆ ಕೀಲುನೋವೂ ಇರುವವರಿಗೆ ಅಲ್ಲಿ ಅನುಕೂಲವುಂಟು.

ತಾಯಿತಂದೆಗಳಲ್ಲಿಯೂ ನಮ್ಮದೊಂದು ಬಿನ್ನಹ. ಹದಿಹರೆಯದಲ್ಲಿ ಈ ತೊಂದರೆ ಇದ್ದವರಿಗೆ ಮುಂದೆಯೂ ಅದು ಬರಬಹುದೆಂದು ಮೇಲೆ ಹೇಳಿದೆವಷ್ಟೆ. ಮಗಳು ದವಡೆ ನೋಯುತ್ತದೆಂದರೆ, ಪರೀಕ್ಷೆಗೆ ಓದಲು ಮನಸ್ಸಿಲ್ಲದ ನೆಪವೆಂದು ತಳ್ಳಿಹಾಕಬೇಡಿರಿ. ಪರೀಕ್ಷೆಯ ಭಯದಿಂದಲೂ ನಿದ್ರೆಗೇಡಿನಿಂದಲೂ ಹಲ್ಲು ಕಚ್ಚುವ ಹುಡುಗಿಯರನ್ನು ನಾವು ತರಗತಿಗಳಲ್ಲಿ ದಿನವೂ ನೋಡುತ್ತಿದ್ದೇವೆ.

ಆ ವಿದ್ಯಾರ್ಥಿನಿಯ ಸಂಗತಿಯನ್ನು ಹೇಳಿ ಮುಗಿಸುವೆವು. ಕೂಟವಾದ ವಾರದಲ್ಲಿಯೇ ಅವಳು ವೈದ್ಯರಿಗೆ ಎಲ್ಲವನ್ನೂ ತಿಳಿಸಿದಳು. ರಬ್ಬರು ಬಳೆಗಳನ್ನು ತೆಗೆದರು, ಕೆಲಸವನ್ನು ಎರಡು ತಿಂಗಳು ನಿಲ್ಲಿಸಿದರು, ವ್ಯಾಯಾಮ ಕಲಿಸಿದರು. ನೋವು ಇಳಿದ ಮೇಲೆ ಹಗುರವಾದ ತಂತಿಗಳಿಂದ ಪುನಃ ಪ್ರಾರಂಭಿಸಿ, ಎಣಿಸಿದ್ದಕ್ಕಿಂತ ಅರ್ಧ ವರ್ಷ ತಡವಾಗಿ ಮುಗಿಸಿದರು. ಶಬ್ದವು ಈಗಲೂ ಉಂಟು. ನೋವು ಬಹು ಕಡಿಮೆ. ಮುಂದಿನ ಕೂಟದಲ್ಲಿ ಅವಳು ಎಲ್ಲರೊಡನೆ ಊಟಮಾಡಿದಳು.

ಅವಳು ಆ ದಿನ ನಮಗೆ ಹೇಳಿದ ಮಾತು ಮಾತ್ರ ನಮ್ಮ ಮನಸ್ಸಿನಿಂದ ಹೋಗಿಲ್ಲ. "ಹಲ್ಲು ಕಚ್ಚಿಕೊಂಡು ಸಹಿಸಬೇಕು" ಎಂದು ಅವಳಿಗೆ ಕಲಿಸಿದವರು ಯಾರು? ಇದೇ ಶಾಲೆಯಲ್ಲಿ ನಾವೇ ಕಲಿಸಿದೆವು. ಜ್ವರವಿದ್ದರೂ ಪ್ರಾರ್ಥನೆಗೆ ಬಂದು ನಿಂತವಳನ್ನು ಹೊಗಳಿದೆವು. ನೋವೆಂದು ಅತ್ತವಳನ್ನು ಧೈರ್ಯ ಸಾಲದೆಂದು ಗದರಿಸಿದೆವು. ತಾಳ್ಮೆಯು ಒಳ್ಳೆಯ ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶರೀರವು ದೇವರು ನಮ್ಮ ವಶಕ್ಕೆ ಒಪ್ಪಿಸಿರುವ ಆಸ್ತಿಯಾದ ಕಾರಣ, ಅದು ಕೂಗಿ ಹೇಳುವುದನ್ನು ಕೇಳದಿರುವುದು ತಾಳ್ಮೆಯಲ್ಲ, ಅಜಾಗರೂಕತೆ. ಕಲಿಸಿದ ತಪ್ಪು ಪಾಠವನ್ನು ತಿದ್ದುವುದೂ ಉಪಾಧ್ಯಾಯಿನಿಯ ಕೆಲಸವೇ. ಆದುದರಿಂದ ನಮ್ಮ ಪ್ರಿಯ ಹಳೇ ವಿದ್ಯಾರ್ಥಿನಿಯರಿಗೆ ನಾವು ಈಗ ಹೇಳುವುದೇನೆಂದರೆ: ಹಲ್ಲುಗಳನ್ನು ಬಿಡಿಸಿಕೊಳ್ಳಿರಿ, ಬಾಯಿಬಿಟ್ಟು ಹೇಳಿರಿ.